ಬಿಲ್ಲೆಯ ಬೆನ್ನು ಹತ್ತಿ

ಒಂದು ಮಿಲಿಮೀಟರ್ ಅಗಲದ ದುಂಡು ಬಿಲ್ಲೆ ಬೇಕಾಗುವವರೆಗೆ ಮನುಷ್ಯ ನೆಮ್ಮದಿಯಾಗಿರುತ್ತಾನೆ. ಬೇಕಾಯಿತೋ, ಕೆಟ್ಟ. ಪೆನ್ನಿನ ರೀಫಿಲ್ಲು, ಛತ್ರಿಯ ಕಡ್ಡಿ, ಹಳೇ ರೇಡಿಯೋದ ಏರಿಯಲ್ಲು ಎಲ್ಲದರಲ್ಲೂ ಅವನಿಗೆ ಕಾಣುವುದು ತೂತಿನ ಅಳತೆಯೊಂದೇ. ಶಿಕಾಗೋ ಪಕ್ಕದ ನೇಪರ್‌ವಿಲ್ಲಿನ ನಮ್ಮ ಮನೆಯಲ್ಲಿ ಹಣೆಬೊಟ್ಟಿನ ಪ್ಯಾಕೆಟ್ಟಿಗೂ ಕ್ಯಾಲಿಪರ್ ಹಿಡಿದದ್ದಾಯಿತು. "ಅದು ನನ್ನ ಹಣೆಗೆ ತಂದಿದ್ದು, ನಿಮ್ಮ ಟ್ಯಾಂಕಿಗಲ್ಲ" ಎಂದು ನನ್ನವಳು ಕಿತ್ತುಕೊಂಡಳು.

ಟ್ಯಾಂಕೆಂದರೆ ನಾನು ಜೋಡಿಸುತ್ತಿದ್ದ ಎಂ3 ಲೀ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ. ಅಸಲು ಟ್ಯಾಂಕು 1941ರಿಂದ ಡೆಟ್ರಾಯಿಟ್ ಮಗ್ಗುಲಿನ ವಾರೆನ್‌ನಲ್ಲಿ ಕ್ರೈಸ್ಲರ್ ಕಂಪನಿ ತಯಾರಿಸಿದ್ದು. 1944ರಲ್ಲಿ ನಮ್ಮ ಕೊಹಿಮಾದ ಕಾಳಗಕ್ಕೂ ಬಂತು; ಅಲ್ಲಿ ಒಂದು ಈಗಲೂ ನಿಂತೇ ಇದೆ. ಅದಕ್ಕೆ ಮೈತುಂಬ ರಿವೆಟ್ಟು. ಹೊರಗೆ ಗುಂಡು ಬಡಿದರೆ ರಿವೆಟ್ಟೇ ಕಿತ್ತು ಒಳಗಿದ್ದವರ ಮೇಲೆ ಹಾರುವುದೆಂದು ಆಮೇಲಾಮೇಲೆ ಸೈನ್ಯದವರು ಬೆಸುಗೆಗೆ ಶರಣಾದರು. ಅವರು ಜೀವಭಯದಿಂದ ಬಿಟ್ಟದ್ದನ್ನು ಮಾದರಿ ಕಟ್ಟುವ ನಾವು ಚಿಮಟದಲ್ಲಿ ಹಿಡಿದು ಒಂದೊಂದಾಗಿ ಮತ್ತೆ ಅಂಟಿಸುತ್ತೇವೆ. ಕಿಟ್ಟಿನಲ್ಲಿ ರಿವೆಟ್ಟು ಅಚ್ಚಾಗಿಯೇ ಬಂದಿರುತ್ತದೆ, ನಿಜ. ಆದರೆ ಸಂದು ಕಾಣದಂತೆ ಉಜ್ಜುವಾಗ ಅಕ್ಕಪಕ್ಕದವು ಸವೆದು ಹೋಗುತ್ತವೆ. ಅವುಗಳ ಜಾಗಕ್ಕೇ ಈ ಬಿಲ್ಲೆ. 1:35 ಅಳತೆಯಲ್ಲಿ ಒಂದು ಮಿಲಿಮೀಟರಿನ ಬಿಲ್ಲೆ ಎಂದರೆ ನಿಜದಲ್ಲಿ 35 ಮಿಲಿಮೀಟರ್. ರಿವೆಟ್ಟಿಲ್ಲದಿದ್ದರೆ ಟ್ಯಾಂಕು ಬೋಳು ಬೋಳಾಗಿ ಕಾಣುತ್ತದೆ. ಯಾರಿಗೆ ಎಂದು ಕೇಳಬಾರದು.

ಬಿಲ್ಲೆ ಕತ್ತರಿಸಲು ಪಂಚ್ ಬೇಕು. ಬಡವರ ಪಂಚ್ ಎಂದರೆ ಹಿತ್ತಾಳೆ ಕೊಳವೆ. ಅದರಲ್ಲಿ ಶಿಕಾಗೋದವರು ಪುಣ್ಯವಂತರು; ಒಂದರೊಳಗೊಂದು ಜಾರುವ ಸಣ್ಣ ಕೊಳವೆಗಳ 'ಕೆ ಅಂಡ್ ಎಸ್' ಕಂಪನಿ ಈ ಊರಿನದೇ. ಹೊರ ಅಗಲ ಇಂಚಿನ ಹದಿನಾರನೇ ಒಂದು ಭಾಗವಿರುವ ಕೊಳವೆಯ ಒಳ ಅಗಲ ಸುಮಾರು 0.88 ಮಿಲಿಮೀಟರ್. ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತ ಹೊರಮೈಯನ್ನು ಅರದಿಂದ ಓರೆಯಾಗಿ ಉಜ್ಜಿದರೆ ಅಂಚು ಹರಿತವಾಗುತ್ತದೆ. ಮೆತ್ತನೆಯ ಹಾಸಿನ ಮೇಲೆ ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯಿಟ್ಟು ಒತ್ತಿದರೆ ಬಿಲ್ಲೆ ಕೊಂಚ ಉಬ್ಬಿ, ರಿವೆಟ್ಟಿನ ತಲೆಯೇ ಆಗಿ ಬರುತ್ತದೆ. ಬರುತ್ತದೆ ಎಂದೆನೆ? ಬರುವುದಿಲ್ಲ. ಕೊಳವೆಯೊಳಗೇ ಕೂರುತ್ತದೆ. ತಂತಿ ತೂರಿಸಿ ನೂಕಿದರೆ ಟಣ್ಣನೆ ಹಾರಿ ಜಮಖಾನದ ಪಾಲು. ಹಿತ್ತಾಳೆಯೋ ಮೆದು ಜಾತಿ, ಬೇಗ ಮೊಂಡಾಗುತ್ತದೆ. ಇಂಜೆಕ್ಷನ್ ಸೂಜಿಯ ಉಕ್ಕಿನ ಕೊಳವೆ ಗಟ್ಟಿ. ಆದರೆ ಮನೆಯಲ್ಲಿ ಸೂಜಿಗಳು ಬಿದ್ದಿದ್ದರೆ ಬಂದ ನೆಂಟರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಶ್ರೀಮಂತರದು ಪಂಚ್-ಡೈ ಸೆಟ್ಟು. ಎರಡು ಫಲಕ, ನಡುವೆ ಹಾಳೆ, ಮೇಲಿನ ತೂತಿನಿಂದ ಉಕ್ಕಿನ ಕಡ್ಡಿ ಇಳಿಸಿ ಸುತ್ತಿಗೆಯಲ್ಲೊಂದು ಪೆಟ್ಟು. ಅದರಲ್ಲಿ ಬಿಲ್ಲೆ ಅಪ್ಪಟ ಚಪ್ಪಟೆ. ಬೆಲೆ ನೋಡಿ, ನಾನೇ ಮಾಡಿಕೊಳ್ಳುತ್ತೇನೆಂದು ಡೆಟ್ರಾಯಿಟ್ ಪಕ್ಕದ ಟ್ರಾಯ್ ಊರಿನ ಗೆಳೆಯನಿಗೆ ಫೋನು ಮಾಡಿದೆ. ನಾವು ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದವರು, ಆತ ಡೆಟ್ರಾಯಿಟಿನ ಪಂಪ ಕನ್ನಡ ಕೂಟದವ. ಧಾರವಾಡದಿಂದ ಬಂದು ಕಾರಿನ ಹೊರತಗಡಿಗೆ ಡೈ ಮಾಡುವುದರಲ್ಲೇ ತಲೆ ನರೆತವ.

"ಎರಡು ಪಟ್ಟಿ ಜೋಡಿಸಿ ಬಿಗಿರಿ, ಒಮ್ಮೆಲೇ ತೂತು ಹೊಡೀರಿ, ಅದೇ ಡ್ರಿಲ್ ಬಿಟ್ ತಿರುವಿ ಅದರ ನುಣ್ಣನ ಹಿಂಭಾಗಾನ ಪಂಚ್ ಮಾಡ್ರಿ. ಕ್ಲಿಯರೆನ್ಸ್ ತಾನ ಬರ್ತದ. ತೂತು ಛಂದ ಬೀಳ್ತಾವ."

"ನನಗೆ ತೂತು ಬೇಡ, ಬಿಲ್ಲೆ ಬೇಕು."

ಆ ಕಡೆ ಮಾತೇ ಇಲ್ಲ. ಆಮೇಲೆ, "ಬಿಲ್ಲೆ ಅಂದ್ರ ಸ್ಕ್ರ್ಯಾಪ್ ಅಲ್ರೀ! ದಿನಾ ಡಬ್ಬಿಗಟ್ಟಲೆ ಹೊರಗ ಚೆಲ್ತೀವಿ. ಅದಕ್ಕ ಯಾಕ ಇಷ್ಟು ಒದ್ದಾಡ್ತೀರಿ?"

ಎರಡು ಊರುಗಳ ವ್ಯತ್ಯಾಸ ನನಗೆ ತಿಳಿದದ್ದು ಆಗಲೇ. ಆತನಿಗೆ ಹಾಳೆ ಸರಕು, ಉದುರಿದ್ದು ಕಸ. ನನಗೆ ಉದುರಿದ್ದೇ ಸರಕು, ಹಾಳೆ ಕಸ. ಉಪಕರಣ ಒಂದೇ, ಧರ್ಮ ಬೇರೆ. ಪಂಚ್ ಆರಿಸುವವರು ಮೊದಲು ತಮ್ಮದು ಯಾವ ಮತವೆಂದು ಕೇಳಿಕೊಳ್ಳಬೇಕು. ಬಿಲ್ಲೆ ಬೇಕಾದವರು ಓರೆಯನ್ನು ಕೊಳವೆಯ ಹೊರಮೈಗೆ ಕೊಡಬೇಕು. ತೂತು ಬೇಕಾದವರು ಒಳಮೈಗೆ.

ಗೆಳೆಯ ಹೇಳಿದಂತೆಯೇ ಮಾಡಿದೆ. ಬಿಲ್ಲೆಗಳು ಸೊಗಸಾಗಿ ಬಿದ್ದವು, ಟ್ಯಾಂಕು ತಯಾರಾಯಿತು. ಐ-94 ಹೆದ್ದಾರಿಯಲ್ಲಿ ನಾಲ್ಕೈದು ತಾಸು ಕಾರು ಓಡಿಸಿಕೊಂಡು ಆತ ಬಂದೇಬಿಟ್ಟ. ನಾನು ಗಾಜಿನ ಪೆಟ್ಟಿಗೆಯ ದೀಪ ಹಾಕಿ, ಪಕ್ಕಕ್ಕೆ ಸರಿದು ನಿಂತೆ. ಆತ ಅತ್ತ ತಿರುಗಲೇ ಇಲ್ಲ. ಬುಟ್ಟಿಯಿಂದ ನಾನು ಎಸೆದಿದ್ದ ತೂತು ಹಾಳೆ ಎತ್ತಿ ಕಿಟಕಿಗೆ ಹಿಡಿದು, "ವಾಹ್! ಒಂದರ ಅಂಚು ಹರಿದಿಲ್ಲ ನೋಡ್ರಿ" ಎಂದು ನನ್ನವಳನ್ನೂ ಕರೆದು ತೋರಿಸಿದ. ಅವಳೂ ಚೆನ್ನಾಗಿದೆ ಎಂದಳು. ಹೋಗುವಾಗ ಅದನ್ನು ಮಡಿಕೆ ಬೀಳದ ಹಾಗೆ ಪುಸ್ತಕದೊಳಗಿಟ್ಟು ಡೆಟ್ರಾಯಿಟಿಗೆ ಒಯ್ದ.