ಅಯಾಚಿತ ಗಿರಾಕಿ ಮೀಮಾಂಸೆ

ಉಪೋದ್ಘಾತ

ಲೋಕದಲ್ಲಿ ಬರಹಗಾರರು ಎರಡು ಬಗೆ: ಒಂದನೇ ತಾರೀಖು ಸಂಬಳ ಎಣಿಸುವವರು, ಒಂದನೇ ತಾರೀಖು ಬಾಡಿಗೆ ಕಟ್ಟುವವರು. ಈ ಪ್ರಬಂಧ ಎರಡನೆಯವರನ್ನು ಕುರಿತದ್ದು. ಇವರನ್ನು ಇಂಗ್ಲಿಷಿನವರು ಫ್ರೀಲಾನ್ಸರ್ ಎನ್ನುತ್ತಾರೆ. 1819ರ ಕೊನೆಗೆ ಹೊರಬಂದ ‘ಐವನ್‌ಹೋ’ ಕಾದಂಬರಿಯಲ್ಲಿ ವಾಲ್ಟರ್ ಸ್ಕಾಟ್ ಈ ಮಾತನ್ನು ಯಾವ ದೊರೆಗೂ ಕಟ್ಟುಬೀಳದ ಬಾಡಿಗೆ ಭರ್ಜಿಯವರಿಗೆ ಬಳಸಿದ. ನಮ್ಮ ಶಾಸನಗಳಲ್ಲಿ ಸಿಗುವವನು ಇವನಿಗೆ ತದ್ವಿರುದ್ಧ. ಅವನು ವೇಳೆವಾಳಿ, ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಭಾಷೆ ಕೊಟ್ಟವನು. ಖಾಯಂ ನೌಕರಿಯ ಪರಾಕಾಷ್ಠೆ ಅದು. ಫ್ರೀಲಾನ್ಸರ್ ಒಡೆಯನಿಗಾಗಿ ಸಾಯುವುದಿಲ್ಲ. ಒಡೆಯ ಫೋನ್ ಎತ್ತದಿದ್ದಾಗ ಅರ್ಧ ಜೀವ ಆಗುತ್ತಾನೆ, ಅಷ್ಟೆ.

ಹೊಸದಾಗಿ ಈ ವೃತ್ತಿಗೆ ಇಳಿದವನು ಊರಿನ ಜಾಹೀರಾತು ಏಜೆನ್ಸಿ, ಪ್ರಕಾಶನ, ಪತ್ರಿಕೆಗಳಿಗೆಲ್ಲ ‘ನನಗೂ ಬರೆಯಲು ಬರುತ್ತದೆ’ ಎಂದು ಪತ್ರ ಕಳಿಸುತ್ತಾನೆ. ನಾನೂ ಕಳಿಸಿದ್ದೆ. ಬಂದ ಉತ್ತರಗಳ ಸಾರಸಂಗ್ರಹ ಒಂದೇ ಪದ: ‘ನೋಡೋಣ’. ವ್ಯಾಕರಣದ ಪ್ರಕಾರ ಇದು ಉತ್ತಮಪುರುಷ ಬಹುವಚನ. ಹೇಳುವವನೂ ಕೇಳುವವನೂ ಸೇರಿ ನೋಡುವ ಕ್ರಿಯೆ. ವ್ಯವಹಾರದಲ್ಲಿ ಮಾತ್ರ ಅವರು ನೋಡುವುದಿಲ್ಲ, ಇವನೊಬ್ಬನೇ ಫೋನ್ ನೋಡುತ್ತಿರುತ್ತಾನೆ. ಕರ್ತೃ ಇಬ್ಬರಿದ್ದೂ ಕ್ರಿಯೆ ಒಬ್ಬನ ಮೇಲೇ ಬೀಳುವ ಈ ವಿಚಿತ್ರ ಪ್ರಯೋಗವನ್ನು ವೈಯಾಕರಣ ಕೇಶಿರಾಜ ಗಮನಿಸಿಲ್ಲ. ಅವನ ಕಾಲದಲ್ಲಿ ಏಜೆನ್ಸಿಗಳಿರಲಿಲ್ಲ.

ಆದ್ದರಿಂದ ಕೇಳದೆಯೇ ಕೆಲಸ ಬರುವ ಬಗೆ ಯಾವುದು ಎಂಬ ಜಿಜ್ಞಾಸೆ. ಈ ಶಾಸ್ತ್ರಕ್ಕೆ ವಿಷಯ: ಗಿರಾಕಿ. ಪ್ರಯೋಜನ: ಬಾಡಿಗೆ. ಸಂಬಂಧ: ಇದ್ದರೆ ಒಳ್ಳೆಯದು. ಅಧಿಕಾರಿ: ‘ನೋಡೋಣ’ ಎಂಬ ಪದವನ್ನು ಹತ್ತು ಸಲವಾದರೂ ಕೇಳಿದವನು.

ವೃತ್ತಿ ನಿರ್ಣಯ

ಮನುಸ್ಮೃತಿಯ ನಾಲ್ಕನೇ ಅಧ್ಯಾಯದಲ್ಲಿ ಹೊಟ್ಟೆಪಾಡಿನ ದಾರಿಗಳ ಪಟ್ಟಿ ಇದೆ. (ಅದೇ ಗ್ರಂಥದ ಬೇರೆ ಪಟ್ಟಿಗಳಿಗೆ ನಾವು ಹೊಣೆಯಲ್ಲ.) ಗದ್ದೆಯಲ್ಲಿ ಉದುರಿದ ಕಾಳು ಆಯ್ದು ಬದುಕುವುದು ಋತ. ಕೇಳದೆ ಬಂದದ್ದು, ಅಂದರೆ ಅಯಾಚಿತ, ಅಮೃತ. ಬೇಡಿ ಪಡೆದದ್ದು ಮೃತ. ಬೇಸಾಯ ಪ್ರಮೃತ. ವ್ಯಾಪಾರ ಸತ್ಯಾನೃತ. ಪರರ ಸೇವೆ ಶ್ವವೃತ್ತಿ, ಅಂದರೆ ನಾಯಿಪಾಡು.

ಈ ಪಟ್ಟಿ ಇಂದಿನ ಬೆಂಗಳೂರಿಗೆ ಎಷ್ಟು ಹೊಂದುತ್ತದೆಂದರೆ ಮನು ಮಾನ್ಯತಾ ಟೆಕ್ ಪಾರ್ಕಿನ ಗೇಟಿನಲ್ಲಿ ನಿಂತು ಬರೆದನೋ ಎನಿಸುತ್ತದೆ. ಕೊರಳಿಗೆ ಪಟ್ಟಿ, ಪಟ್ಟಿಯ ತುದಿಗೆ ಬಿಲ್ಲೆ, ಬಿಲ್ಲೆಯ ಮೇಲೆ ಹೆಸರು. ಶ್ವವೃತ್ತಿಯ ಲಕ್ಷಣ ಬೆಳಗ್ಗೆ ಒಂಬತ್ತಕ್ಕೆ ಸಾಲಾಗಿ ಒಳಗೆ ಹೋಗುತ್ತದೆ. ಸತ್ಯವನ್ನೂ ಅನೃತವನ್ನೂ ಹದವಾಗಿ ಬೆರೆಸುವುದು ಜಾಹೀರಾತು ಬರಹ. ‘ಮೆಟ್ರೋದಿಂದ ಐದೇ ನಿಮಿಷ’ ಎಂಬ ಲೇಔಟಿನ ಕರಪತ್ರ ಬರೆದವರಿಗೆ ಇದರ ಪ್ರಮಾಣ ಗೊತ್ತು. ಋತವೆಂದರೆ ದೊಡ್ಡ ಏಜೆನ್ಸಿ ಕೊಯ್ದುಕೊಂಡು ಹೋದ ಮೇಲೆ ಹೊಲದಲ್ಲಿ ಉಳಿದ ಎರಡು ಸಾಲಿನ ತರ್ಜುಮೆ, ಒಂದು ಪ್ರೂಫು. ಕಲ್ಯಾಣದ ಆಯ್ದಕ್ಕಿ ಮಾರಯ್ಯ ಈ ಮಾರ್ಗದವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದನೆಂದು ಹೆಂಡತಿ ಲಕ್ಕಮ್ಮ ವಾಪಸು ಕಳಿಸಿದಳು. ನಮ್ಮ ಮನೆಯಲ್ಲಿ ಇಂಥ ಸಂದರ್ಭ ಇನ್ನೂ ಒದಗಿಲ್ಲ.

ಉಳಿದವು ಅಮೃತ, ಮೃತ. ಕೇಳದೆ ಬಂದರೆ ಅಮೃತ, ಕೇಳಿ ಪಡೆದರೆ ಮೃತ. ನಮ್ಮ ಶಾಸ್ತ್ರ ನಿಂತಿರುವುದು ಈ ಒಂದು ‘ಅ’ಕಾರದ ಮೇಲೆ.

ಗಿರಾಕಿ ಶಬ್ದ ವಿಚಾರ

ಗಿರಾಕಿ ಎಂಬುದು ‘ಗ್ರಾಹಕ’ದ ತದ್ಭವ. ಗ್ರಾಹಕ, ಗ್ರಹ, ಗ್ರಹಣ ಮೂರಕ್ಕೂ ಧಾತು ಒಂದೇ: ಹಿಡಿಯುವುದು. ಇದರಿಂದ ಸಿದ್ಧವಾಗುವುದೇನೆಂದರೆ, ಗಿರಾಕಿಯೂ ಒಂದು ಗ್ರಹ. ಗ್ರಹವನ್ನು ಯಾರೂ ಪತ್ರ ಬರೆದು ಕರೆಯುವುದಿಲ್ಲ. ಅದು ತನ್ನ ಗತಿಯಲ್ಲಿ ಬಂದು ಹಿಡಿಯುತ್ತದೆ, ತನ್ನ ಗತಿಯಲ್ಲೇ ಬಿಡುತ್ತದೆ.

ಗುರುಗ್ರಹದಂಥವರು ರಾಶಿಯಲ್ಲಿ ವರ್ಷ ನಿಲ್ಲುತ್ತಾರೆ, ವರ್ಷವಿಡೀ ಕೆಲಸ ಕೊಡುತ್ತಾರೆ. ಚಂದ್ರನಂಥವರು ಎರಡೂಕಾಲು ದಿನಕ್ಕೆ ಮನಸ್ಸು ಬದಲಿಸುತ್ತಾರೆ. ಸೋಮವಾರ ‘ಆಡುಮಾತಲ್ಲಿ ಬರೀರಿ’, ಬುಧವಾರ ‘ಸ್ವಲ್ಪ ಗ್ರಾಂಥಿಕ ಇರಲಿ ಸಾರ್’. ಶನಿ ಎಂದರೆ ಅಭಿನಂದನ ಗ್ರಂಥದ ಸಮಿತಿ. ರಾಶಿಗೆ ಎರಡೂವರೆ ವರ್ಷದಂತೆ ಮೂರು ರಾಶಿ ದಾಟುವಾಗ ಏಳೂವರೆ ವರ್ಷ. ಅಷ್ಟರಲ್ಲಿ ಅಭಿನಂದಿತರೇ ಇರುತ್ತಾರೋ ಇಲ್ಲವೋ, ಗ್ರಂಥ ‘ಸ್ಮರಣ ಸಂಪುಟ’ವಾಗಿ ಹೊರಬರುತ್ತದೆ. ರಾಹುವಿಗೆ ತಲೆ ಮಾತ್ರ, ದೇಹವಿಲ್ಲ. ‘ಸ್ಯಾಂಪಲ್ ಒಂದು ಕಳಿಸಿ’ ಎಂದು ಕರಡು ನುಂಗಿದವನು ಮತ್ತೆ ಕಾಣಿಸುವುದಿಲ್ಲ. ಕರಡು ಮಾತ್ರ ಆರು ತಿಂಗಳ ಮೇಲೆ ಯಾವುದೋ ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಕಾಣಿಸುತ್ತದೆ.

ಪೂರ್ವಪಕ್ಷ

ಇಲ್ಲಿ ವ್ಯಾವಹಾರಿಕರು ಆಕ್ಷೇಪಿಸುತ್ತಾರೆ: ‘ಬಾಯಿದ್ದವ ಬರಗಾಲದಲ್ಲೂ ಬದುಕಿದ ಎಂಬ ಗಾದೆ ಇದೆ. ಅಳದಿದ್ದರೆ ತಾಯಿಯೂ ಹಾಲು ಕೊಡಳು. ಕೇಳದೆ ಬಂದ ಕೆಲಸ ಬರೀ ಕಾಕತಾಳೀಯ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಕಾಗೆ ಹೊಟ್ಟೆಪಾಡನ್ನು ತಾಳೆಮರದ ಮೇಲೆ ಹೊರಿಸಬಾರದು.’

ಇವರಿಗೆ ವಿರುದ್ಧವಾಗಿ ಅಜಗರಪಂಥದವರು. ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಅವಧೂತ ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಹೆಬ್ಬಾವನ್ನೂ ಸೇರಿಸುತ್ತಾನೆ. ಅದು ಬಿದ್ದಲ್ಲೇ ಬಿದ್ದಿದ್ದು ಬಂದದ್ದನ್ನು ತಿನ್ನುತ್ತದೆ. ಈ ಮತ ಕೇಳಲು ಚೆಂದ; ಆದರೆ ಹೆಬ್ಬಾವಿಗೆ ಹತ್ತು ತಿಂಗಳ ಅಡ್ವಾನ್ಸು ಕೊಟ್ಟು ಬಾಡಿಗೆ ಮನೆ ಹಿಡಿಯುವ ಗೋಜಿಲ್ಲ. ಅವಧೂತನ ಅದೇ ಪಟ್ಟಿಯಲ್ಲಿ ವಿದೇಹದ ವೇಶ್ಯೆ ಪಿಂಗಳೆ ಇದ್ದಾಳೆ. ಬರುವವರಿಗಾಗಿ ಬಾಗಿಲಲ್ಲಿ ಕಾದು, ಒಳಗೂ ಹೊರಗೂ ಓಡಾಡಿ, ನಡುರಾತ್ರಿಗೆ ಆಸೆ ಬಿಟ್ಟು ಸುಖವಾಗಿ ಮಲಗಿದಳು. ಆ ಒಳಗೂ ಹೊರಗೂ ಓಡಾಟಕ್ಕೆ ಇಂದು ಇನ್‌ಬಾಕ್ಸ್ ರಿಫ್ರೆಶ್ ಮಾಡುವುದು ಎನ್ನುತ್ತಾರೆ. ನಾನೂ ಆಸೆ ಬಿಟ್ಟು ಮಲಗಿ ನೋಡಿದ್ದೇನೆ. ಸುಖವಾದ ನಿದ್ದೆ ಬಂದದ್ದು ನಿಜ. ಬೆಳಗ್ಗೆ ಎಬ್ಬಿಸಿದವರು ಮನೆ ಓನರು.

ಶಾಸನ ಪ್ರಮಾಣ

ಎರಡು ಮತಗಳನ್ನೂ ಖಂಡಿಸಲು ಆದಿಕವಿ ಬೇಕಾಗುತ್ತಾನೆ. ಪಂಪ 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದು, ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಿಗೇ ಸಮೀಕರಿಸಿದ. ರನ್ನ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿದ. ಗಿರಾಕಿಯನ್ನು ಕಥಾನಾಯಕನನ್ನಾಗಿ ಮಾಡಿ, ಆ ಮೇಲೂ ಸಾವಿರ ವರ್ಷ ಉಳಿಯುವ ಕಾವ್ಯ ಬರೆಯುವುದು ಇಂದಿನ ಯಾವ ಕಾಪಿರೈಟರಿಗೂ ಸಾಧ್ಯವಾಗಿಲ್ಲ. ಪಂಪನಿಗೆ ಧರ್ಮವುರ ಎಂಬ ಅಗ್ರಹಾರ ಬಂತು.

ಪಂಪ ಅದನ್ನು ಕೇಳಿದನೇ? ಉತ್ತರಕ್ಕೆ ತೆಲಂಗಾಣದ ಕುರಿಕ್ಯಾಲಕ್ಕೆ ಹೋಗಬೇಕು. ಅಲ್ಲಿ ಬೊಮ್ಮಲಮ್ಮನ ಗುಡ್ಡದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನವಿದೆ. ಅದರಲ್ಲಿ ಅಣ್ಣನ ಕಾವ್ಯದ ಮಾತಿದೆ, ಅಗ್ರಹಾರದ ಮಾತಿದೆ. ಭಾಷೆ ಒಂದಲ್ಲ, ಮೂರು: ಸಂಸ್ಕೃತ, ಕನ್ನಡ, ತೆಲುಗು. ಈಗಿನವರು ಇದಕ್ಕೆ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಮಳೆಗೆ ಅಳಿಸದ್ದು, ಸರ್ವರ್ ಡೌನ್ ಆಗದ್ದು. ಗಮನಿಸಬೇಕಾದ ಅಂಶ, ಬಂಡೆಯ ಮೇಲೆ ಬರೆಸಿದವನು ಪಂಪನಲ್ಲ, ಅವನ ತಮ್ಮ.

ಪೊನ್ನನ ವಿಚಾರವೂ ಹೀಗೆಯೇ. ಅತ್ತಿಮಬ್ಬೆ ಅವನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ! ಆದ್ದರಿಂದ ಮೊದಲನೆಯ ಸೂತ್ರ:

ಅಯಾಚಿತವೆಂದರೆ ಕೇಳದಿರುವುದಲ್ಲ, ನಿನ್ನ ಪರವಾಗಿ ಇನ್ನೊಬ್ಬರು ಕೇಳುವುದು.

ಸಿದ್ಧಾಂತ

ಆ ಇನ್ನೊಬ್ಬರು ಯಾರು? ತಮ್ಮನಿಲ್ಲದವರ ಗತಿಯೇನು? ಇಲ್ಲಿ ಜೈಮಿನಿಯ ಮತಸ್ಥರು ನೆರವಿಗೆ ಬರುತ್ತಾರೆ. ಯಾಗ ಇಂದು ಮುಗಿಯುತ್ತದೆ, ಸ್ವರ್ಗ ಸತ್ತ ಮೇಲೆ. ನಡುವೆ ಕಾರಣವೇ ಇಲ್ಲದಿದ್ದರೆ ಫಲ ಎಲ್ಲಿಂದ? ಅದಕ್ಕೆ ಮೀಮಾಂಸಕರು ‘ಅಪೂರ್ವ’ ಎಂಬ ಕಾಣದ ಶಕ್ತಿಯೊಂದನ್ನು ಒಪ್ಪಿದರು. ಮುಗಿದ ಕರ್ಮ ಅದರ ರೂಪದಲ್ಲಿ ಉಳಿದು, ಕಾಲ ಬಂದಾಗ ಫಲ ಕೊಡುತ್ತದೆ. ಮುಗಿಸಿ ಕೊಟ್ಟ ಬರಹಕ್ಕೂ ಹೀಗೇ ಅಪೂರ್ವ ಇದೆ.

ದೃಷ್ಟಾಂತ. ಪಕ್ಕದ ಮನೆಯವರ ಗೃಹಪ್ರವೇಶದ ಪತ್ರಿಕೆಯಲ್ಲಿ ‘ಆರ್ಶೀವಾದವೇ ಉಡುಗೊರೆ’ ಎಂದಿತ್ತು. ಅರ್ಕಾವೊತ್ತನ್ನು ಕೈಹಿಡಿದು ಅದರ ಜಾಗಕ್ಕೆ ಕರೆತಂದು ‘ಆಶೀರ್ವಾದ’ ಮಾಡಿಕೊಟ್ಟೆ. ಸಿಕ್ಕಿದ್ದು ಎರಡು ಹೋಳಿಗೆ. ಯಾಗ ಅಲ್ಲಿಗೆ ಮುಗಿಯಿತು. ಎಂಟು ತಿಂಗಳ ಮೇಲೆ ಫೋನು: ‘ಸಾರ್, ಆ ಪ್ರೆಸ್ಸಿನ ಡಿಟಿಪಿ ಹುಡುಗ ನಿಮ್ಮ ನಂಬರ್ ಕೊಟ್ಟ. ಮಿಕ್ಸಿ ಜೊತೆ ಕೊಡೋ ಪುಸ್ತಕ ಕನ್ನಡದಲ್ಲಿ ಬೇಕಿತ್ತು.’ ಮಿಕ್ಸಿ ಪುಸ್ತಕದಿಂದ ಕುಕ್ಕರ್ ಪುಸ್ತಕ, ಕುಕ್ಕರಿನಿಂದ ಒಬ್ಬ ಮಕ್ಕಳ ಡಾಕ್ಟರ ಲಸಿಕೆಯ ಕರಪತ್ರ. ಈ ಪರಂಪರೆಯಲ್ಲಿ ನಾನು ಒಂದು ಪತ್ರವನ್ನೂ ಬರೆಯಲಿಲ್ಲ. ಪತ್ರ ಬರೆದ ಏಜೆನ್ಸಿಗಳು ಇವತ್ತಿಗೂ ನೋಡುತ್ತಲೇ ಇವೆ.

ಇದರಿಂದ ಎರಡನೆಯ ಸೂತ್ರ: ಡಿಟಿಪಿ ಆಪರೇಟರನೇ ಜಿನವಲ್ಲಭ. ಭಾಷ್ಯ: ‘ಕನ್ನಡ ಚೆನ್ನಾಗಿ ಬರೆಯೋರು ಯಾರಾದ್ರೂ ಗೊತ್ತಾ?’ ಎಂಬ ಪ್ರಶ್ನೆಯನ್ನು ಗಿರಾಕಿಗಳು ಸಾಹಿತ್ಯ ಪರಿಷತ್ತಿಗೆ ಹೋಗಿ ಕೇಳುವುದಿಲ್ಲ. ಪ್ರೆಸ್ಸಿನ ಕೌಂಟರಿನಲ್ಲಿ ಕೇಳುತ್ತಾರೆ. ‘ನುಡಿ’ ತಂತ್ರಾಂಶದಲ್ಲಿ ಬರೆದು ಯೂನಿಕೋಡಿಗೆ ಬದಲಿಸಿದಾಗ ಒತ್ತಕ್ಷರಗಳು ಎಲ್ಲೆಲ್ಲೋ ಹಾರಿ ಕೂರುತ್ತವೆ. ಅವನ್ನು ಕೂರಿಸಿಯೇ ಕಡತ ಕಳಿಸುವ ಬರಹಗಾರನನ್ನು ಆಪರೇಟರ್ ಸಾಯುವವರೆಗೆ ಮರೆಯುವುದಿಲ್ಲ. ನಮಗೆ ಜ್ಞಾನಪೀಠಿಗಳ ಮೆಚ್ಚುಗೆಗಿಂತ ಅವನ ನೆನಪು ಮುಖ್ಯ.

ಮೂರನೆಯ ಸೂತ್ರ: ಎಲ್ಲ ಬರೆಯುವವನ ಹೆಸರು ಯಾರಿಗೂ ನೆನಪಾಗದು. ಭಾಷ್ಯ: ನಮ್ಮ ಊರುಗಳಲ್ಲಿ ಮನುಷ್ಯನಿಗೆ ಹೆಸರಿಗಿಂತ ಕಸುಬು ಅಂಟುತ್ತದೆ. ‘ಕುಕ್ಕರ್ ರಿಪೇರಿಯವನು’ ಎಂದರೆ ಬೀದಿಗೆಲ್ಲ ಗೊತ್ತು. ‘ಎಲ್ಲ ರಿಪೇರಿಯವನು’ ಎಂದರೆ ಜನ ಅನುಮಾನಿಸುತ್ತಾರೆ. ಕಥೆ, ಕವನ, ಜಾಹೀರಾತು, ತರ್ಜುಮೆ ಎಲ್ಲಕ್ಕೂ ಸೈ ಎಂದು ಹೇಳಿಕೊಳ್ಳುತ್ತಿದ್ದಾಗ ನಾನು ಯಾರೂ ಆಗಿರಲಿಲ್ಲ. ಈಗ ‘ಲಸಿಕೆ ಚೀಟಿ ಬರೆಯೋರು’ ಆಗಿದ್ದೇನೆ.

ನಾಲ್ಕನೆಯ ಸೂತ್ರ: ತಪ್ಪು ತೋರಿಸುವವನು ನಗುತ್ತಾ ತೋರಿಸಲಿ. ಭಾಷ್ಯ: ಕರ್ನಾಟಕದ ಅಂಗಡಿ ಫಲಕಗಳಲ್ಲಿ ಶೇ. 60 ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಿಗಿಯಾಯಿತು. ಕಾನೂನು ಅಳತೆ ಹೇಳಿತೇ ಹೊರತು ಕಾಗುಣಿತ ಹೇಳಲಿಲ್ಲ. ಹೋಟೆಲೊಂದರ ಹೊಸ ಫಲಕದಲ್ಲಿ ‘ಶುದ್ಧ ಸಸ್ಯಹಾರಿ’ ಎಂದಿತ್ತು. ಒಂದು ದೀರ್ಘ ಬಿಟ್ಟರೆ ಅದಕ್ಕೆ ಗಿಡ ಕದಿಯುವವನು ಎಂಬ ಅರ್ಥ ಹೊರಡುತ್ತದೆ. ಅದೂ ಶುದ್ಧ ಕಳ್ಳ. ಕಾಫಿ ಕುಡಿದು, ದುಡ್ಡು ಕೊಟ್ಟು, ಆ ಮೇಲೆ ಕ್ಯಾಶಿನಲ್ಲಿ ಕೂತ ಯಜಮಾನರ ಕಿವಿಯಲ್ಲಿ ಹೇಳಿದೆ. ಫೇಸ್‌ಬುಕ್ಕಿಗೆ ಹಾಕಿದ್ದರೆ ನೂರು ಲೈಕು ಬರುತ್ತಿತ್ತು. ಕಿವಿಯಲ್ಲಿ ಹೇಳಿದ್ದರಿಂದ ಅವರ ಮೆನು ಕಾರ್ಡು ಬಂತು.

ಹೀಗೆ ಕಾಕತಾಳೀಯ ನ್ಯಾಯ ಬಿದ್ದುಹೋಯಿತು. ಇಲ್ಲಿ ನಿಲ್ಲುವುದು ದೇಹಲೀದೀಪ ನ್ಯಾಯ: ಹೊಸ್ತಿಲ ಮೇಲಿಟ್ಟ ದೀಪ ಒಳಗಿನ ಕೋಣೆಗೂ ಹೊರಗಿನ ಬೀದಿಗೂ ಬೆಳಕಾಗುತ್ತದೆ. ಇಂದಿನ ಗಿರಾಕಿಗೆ ಮಾಡಿದ ಕೆಲಸ ನಾಳಿನ ಗಿರಾಕಿಗೂ ಕಾಣುತ್ತದೆ. ಷರತ್ತು ಒಂದೇ, ದೀಪ ಹೊಸ್ತಿಲಲ್ಲಿರಬೇಕು. ಅಟ್ಟದ ಮೇಲಿನ ದೀಪದಿಂದ ಜಿರಳೆಗಳಿಗಷ್ಟೇ ಅನುಕೂಲ.

ಸಂಭಾವನಾ ಪ್ರಕರಣ

ಇಲ್ಲಿಯವರೆಗೆ ಶಾಸ್ತ್ರ ಸುಸೂತ್ರ. ಇನ್ನು ಮುಂದೆ ತೊಡಕು. ಬರಹಗಾರನಿಗೆ ಕೊಡುವ ದುಡ್ಡಿಗೆ ಕನ್ನಡದಲ್ಲಿ ‘ಸಂಭಾವನೆ’ ಎನ್ನುತ್ತೇವೆ. ಸಂಸ್ಕೃತದಲ್ಲಿ ಆ ಪದಕ್ಕೆ ಗೌರವ ಎಂಬ ಅರ್ಥವೂ ಇದೆ, ಸಾಧ್ಯತೆ ಎಂಬ ಅರ್ಥವೂ ಇದೆ. ಗಿರಾಕಿಗಳು ಮೊದಲನೆಯದನ್ನು ಮಾತಿನಲ್ಲೂ ಎರಡನೆಯದನ್ನು ಪಾವತಿಯಲ್ಲೂ ಪಾಲಿಸುತ್ತಾರೆ.

ಕೆಲಸ ತಾನಾಗಿ ಬಂದು ಬಾಗಿಲು ಬಡಿಯುತ್ತದೆ: ‘ಸಾರ್, ಅರ್ಜೆಂಟು, ನಾಳೆ ಬೆಳಗ್ಗೆ ಬೇಕು.’ ಬೆಳಗ್ಗೆ ಕೊಟ್ಟರೆ ದುಡ್ಡಿಗೆ ಯಾವ ಅರ್ಜೆಂಟೂ ಇಲ್ಲ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಪಾವತಿ ಆಗಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ, ಉದ್ಯಮ್ ನೋಂದಣಿ ಮಾಡಿಸಿಕೊಂಡವರು ಇದನ್ನು ಎತ್ತಿ ತೋರಿಸಬಹುದು. ತೋರಿಸಿದ ದಿನವೇ ಆ ಗಿರಾಕಿ ರಾಹುವಾಗುವ ಸಾಧ್ಯತೆಯೂ ಉಂಟು. ಆದ್ದರಿಂದ ಬರಹಗಾರ ಇನ್‌ವಾಯ್ಸ್ ಕಳಿಸುತ್ತಾನೆ, ವಾರ ಬಿಟ್ಟು ‘ನಮಸ್ತೆ ಸರ್’ ಎಂದಷ್ಟೇ ವಾಟ್ಸಾಪ್ ಮಾಡುತ್ತಾನೆ, ಹಬ್ಬಕ್ಕೆ ಶುಭಾಶಯದ ಹೆಸರಿನಲ್ಲಿ ನೆನಪು ಮಾಡುತ್ತಾನೆ. ಯುಗಾದಿಯ ಬೇವು-ಬೆಲ್ಲದ ಚಿತ್ರದ ಹಿಂದೆ ಎಷ್ಟು ಬಾಕಿ ಬಿಲ್ಲುಗಳು ಅಡಗಿರುತ್ತವೆಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.

ಕೊನೆಗೆ ದುಡ್ಡು ಬಂದಾಗ ಶೇ. 10 ಟಿಡಿಎಸ್ ಮೂಲದಲ್ಲೇ ಕಳೆದಿರುತ್ತದೆ. ಈ ಇಡೀ ವ್ಯವಹಾರದಲ್ಲಿ ಯಾರನ್ನೂ ಕೇಳದೆ, ಯಾರಿಗೂ ನಮಸ್ತೆ ಹೇಳದೆ ತನ್ನ ಪಾಲು ಪಡೆದದ್ದು ಸರ್ಕಾರ ಒಂದೇ. ಅಯಾಚಿತ ವೃತ್ತಿಯ ಪರಮಹಂಸ ಪದವಿ ಅದಕ್ಕೇ ಸಲ್ಲಬೇಕು.

ಹಾಗಾಗಿ ಐದನೆಯದೂ ಕೊನೆಯದೂ ಆದ ಸೂತ್ರ: ಕೆಲಸ ಅಮೃತ, ಕಾಸು ಮೃತ. ಮನು ಇವೆರಡನ್ನೂ ಬೇರೆ ಬೇರೆ ವೃತ್ತಿ ಎಂದುಕೊಂಡಿದ್ದ. ಒಬ್ಬನೇ ಮನುಷ್ಯ ಒಂದೇ ಕೆಲಸದಲ್ಲಿ ಎರಡನ್ನೂ ಆಚರಿಸಬೇಕಾಗುತ್ತದೆಂದು ಅವನಿಗೆ ಹೊಳೆಯಲಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರು ಕೆಲಸ ಕೇಳುವ ಪತ್ರ ಬರೆಯುವುದನ್ನು ಬಿಡುತ್ತಾರೆ. ಉಳಿದ ಹೊತ್ತಿನಲ್ಲಿ ಕೈಯಲ್ಲಿರುವ ಕೆಲಸವನ್ನು ಗಡುವಿಗೆ ಒಂದು ದಿನ ಮುಂಚೆ ಮುಗಿಸುತ್ತಾರೆ, ಒತ್ತಕ್ಷರಗಳನ್ನು ಕೂರಿಸುತ್ತಾರೆ, ಪ್ರೆಸ್ಸಿನ ಹುಡುಗನಿಗೆ ಚಹಾ ಕೊಡಿಸುತ್ತಾರೆ. ಎಂಟು ತಿಂಗಳಲ್ಲಿ ಫೋನು ಬರುತ್ತದೆ. ಅಲ್ಲಿಯವರೆಗಿನ ಬಾಡಿಗೆಗೆ ಈ ಶಾಸ್ತ್ರದಲ್ಲಿ ಪರಿಹಾರವಿಲ್ಲ. ಮನೆಯಲ್ಲಿ ಒಬ್ಬರಾದರೂ ಶ್ವವೃತ್ತಿಯಲ್ಲಿದ್ದರೆ ಕ್ಷೇಮ.

ಈ ಪ್ರಬಂಧವೂ ಅಯಾಚಿತವೇ. ನಾನಾಗಿ ಕಳಿಸಿದ್ದಲ್ಲ, ಸಂಪಾದಕರೇ ಫೋನ್ ಮಾಡಿ ‘ಅರ್ಜೆಂಟು’ ಎಂದು ಬರೆಸಿದ್ದು. ಸಂಭಾವನೆಯ ಮಾತು ಅವರು ಎತ್ತಲಿಲ್ಲ, ಸಂಕೋಚಕ್ಕೆ ನಾನೂ ಎತ್ತಲಿಲ್ಲ. ಈಗ ಓದುಗರ ಸಮಕ್ಷಮ ಎತ್ತುತ್ತಿದ್ದೇನೆ. ಸರ್, ನಮಸ್ತೆ.