ಬೊಹೋ ಭಾವ

ಸುಳ್ಯದಿಂದ ಮಡಿಕೇರಿ ರಸ್ತೆ ಹಿಡಿದರೆ ಪೆರಾಜೆ, ಅರಂತೋಡು, ಕಲ್ಲುಗುಂಡಿ ದಾಟಿ ಸಂಪಾಜೆ ಗೇಟು ಮುಟ್ಟುವಷ್ಟರಲ್ಲಿ ಬೊಹೋ ಭಾವಂದಿರ ಮನೆಗಳು ಅಲ್ಲಲ್ಲಿ ಸಿಗುತ್ತವೆ. ರಸ್ತೆಯಿಂದಲೇ ಗುರುತು ಹಿಡಿಯಬಹುದು. ಹಂಚಿನ ಮನೆ, ಅಂಗಳ ತುಂಬ ಅಡಿಕೆ, ಒಂದು ಕಿಟಕಿಯಲ್ಲಿ ಮಾತ್ರ ನಡು ಹಗಲಿಗೂ ಹಳದಿ ಬಲ್ಬಿನ ಮಾಲೆ ಉರಿಯುತ್ತಿರುತ್ತದೆ. ಅದು ಭಾವನ ಕೋಣೆ.

ಭಾವನಿಗೆ ಮೂವತ್ತರ ಆಸುಪಾಸು. ಕೆಲಸ ಬೆಂಗಳೂರಿನ ಕಂಪನಿಯಲ್ಲಿ, ವಾಸ ಊರಿನಲ್ಲಿ. ಕೊರೊನಾ ಕಾಲಕ್ಕೆ ಲ್ಯಾಪ್‌ಟಾಪ್ ಹೊತ್ತು ಬಂದವ; ಆಮೇಲೆ ಕಂಪನಿಯವರು ಕರೆದಾಗಲೆಲ್ಲ ಗುಡ್ಡ ಜರಿದಿದೆ, ರಸ್ತೆ ಬಂದ್ ಎಂದು ಹೇಳಿ ಉಳಿದುಕೊಂಡವ. ಮಳೆಗಾಲದಲ್ಲಿ ಅದು ನಿಜವೂ ಇರುತ್ತದೆ. ಗಡ್ಡ ಉಂಟು, ಕೈಮಗ್ಗದ ಜುಬ್ಬ ಉಂಟು, ಕಾಫಿಗೆ ಮಣ್ಣಿನ ಲೋಟ ಉಂಟು. ತೋಟಕ್ಕೆ ಮಾತ್ರ ಇಳಿಯುವುದಿಲ್ಲ, ಉಂಬಳದ ಹೆದರಿಕೆ. ಮದುವೆ ಮನೆಯಲ್ಲಿ ಸಿಕ್ಕಿದರೆ ಎಲ್ಲರಂತೆ ಅಡಿಕೆ ರೇಟು ವಿಚಾರಿಸುವ ಪೈಕಿಯಲ್ಲ. "ಮಾವ, ನಿಮ್ಮ ಹಳೇ ಮನೆಯ ಬಾಗಿಲು ಕೊಡುವುದುಂಟಾ?" ಎಂದು ಕೇಳುತ್ತಾನೆ. ಬಾಗಿಲು ಇನ್ನೂ ಮನೆಗೇ ಹಾಕಿಕೊಂಡಿರುತ್ತದೆ, ಮನೆಯೊಳಗೆ ಜನರೂ ಇರುತ್ತಾರೆ.

ಬೊಹೋ ಎಂದರೆ ಬೊಹೀಮಿಯನ್; ಅವನ ಈ ಪಂಥದ ಮೂಲಪುರುಷರು ಪ್ಯಾರಿಸಿನವರು. ಬಾಡಿಗೆ ಕಟ್ಟಲು ಗತಿಯಿಲ್ಲದ ಕವಿಗಳು, ಚಿತ್ರಕಾರರು ಅಟ್ಟದ ಕೋಣೆಗಳಲ್ಲಿ ದಿನ ದೂಡಿದ ಕಥೆಗಳನ್ನು ಆನ್ರಿ ಮ್ಯುರ್ಜೆ 1851ರಲ್ಲಿ ಪುಸ್ತಕ ಮಾಡಿದ. 1896ರಲ್ಲಿ ಪುಚ್ಚಿನಿ ಅದನ್ನೇ ಒಪೆರಾ ಮಾಡಿದ. ಅದರ ಮೊದಲ ಅಂಕದಲ್ಲೇ ಕವಿಯೊಬ್ಬ ಚಳಿ ತಡೆಯಲಾರದೆ ತಾನು ಬರೆದ ನಾಟಕವನ್ನು ಒಲೆಗೆ ಹಾಕುತ್ತಾನೆ. ಆ ಬಡತನ ಈಗ ಕಂತಿನಲ್ಲಿ ಸಿಗುತ್ತದೆ. ಭಾವನ ಅಪ್ಪ ಲೆಕ್ಕ ಹಾಕುವುದು ಚಾಲಿ ಅಡಿಕೆಯಲ್ಲಿ. ಕೊರಿಯರಿನವ ಬಂದು ಹೋದ ಮೇಲೆ ಜಗಲಿಯಲ್ಲಿ ಕೂತು, "ಒಂದು ದಿಂಬಿನ ಚೀಲಕ್ಕೆ ಎರಡು ಕಿಲೋ ಚಾಲಿ" ಎಂದು ಯಾರಿಗೂ ಅಲ್ಲದ ಹಾಗೆ ಹೇಳುತ್ತಾರೆ.

ಪಂಥದ ಮೊದಲ ನಿಯಮ: ಕೋಣೆಯ ಬಣ್ಣವೆಲ್ಲ ಮಣ್ಣಿನದು, ಬಟ್ಟೆಯೆಲ್ಲ ಪದರ ಪದರ. ಮೊದಲು ಗೋಡೆ. ಸುಣ್ಣದ ಬಿಳಿ ಗೋಡೆಯಲ್ಲಿ ಆತ್ಮ ಇಲ್ಲ ಎಂದು ಭಾವನಿಗೆ ಅನಿಸಿತು. ಮನೆಯ ಹಿಂದಿನ ಬರೆಯಿಂದ ಒಂದು ಹೆಂಟೆ ಕೆಮ್ಮಣ್ಣು ಕಿತ್ತು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಸುಳ್ಯದ ಪೇಂಟಿನ ಅಂಗಡಿಗೆ ಒಯ್ದು "ಇದೇ ಬಣ್ಣ" ಎಂದ. ಮಿಷನ್ ತಿರುಗಿತು, ಅದೇ ಬಣ್ಣ ಬಂತು. ಬಳಿದು ಮುಗಿದ ದಿನ ಅಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಬರೆ ಜರಿದು ಒಳಗೆ ಬಂದ ಹಾಗೆ ಉಂಟಲ್ಲ ಮಾರಾಯಾ."

ಇದರಲ್ಲಿ ತಮಾಷೆ ಅರ್ಧ ಮಾತ್ರ. 2018ರ ಆಗಸ್ಟಿನಲ್ಲಿ ಇದೇ ರಸ್ತೆಯ ಮೇಲ್ಭಾಗದ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಕೆಳಗಿಳಿದವು. ಮನೆ ಬಿಟ್ಟು ಬಂದವರು ಸಂಪಾಜೆ, ಕಲ್ಲುಗುಂಡಿಯ ಶಿಬಿರಗಳಲ್ಲಿ ಮಲಗಿದರು. 2022ರ ಜೂನ್ ಕೊನೆಗೆ ಸಂಪಾಜೆ, ಚೆಂಬು, ಗೂನಡ್ಕ ಸುತ್ತ ಭೂಮಿ ಸಣ್ಣಗೆ ಅಲುಗಿತು, ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿದವು. ಮಣ್ಣಿನ ಜತೆ ಬದುಕಬೇಕು ಎಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಗೋಡೆಯ ಆಚೆ ಬದಿಯಲ್ಲಿ ಇರಲಿ ಎಂಬುದಷ್ಟೇ ಅವರ ಬೇಡಿಕೆ.

ಹಾಗೆ ನೋಡಿದರೆ ಮಣ್ಣಿನ ಬಣ್ಣದಲ್ಲಿ ನಮ್ಮ ಜಿಲ್ಲೆಯೇ ಹಳೇ ಹುಲಿ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕೂ ಮೊದಲು, 1850ರ ದಶಕದಲ್ಲಿ, ಅದೇ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬವರು ಖಾಕಿ ಬಣ್ಣ ತೆಗೆದರೆಂಬುದು ಮಂಗಳೂರಿನವರು ಹೆಮ್ಮೆಯಿಂದ ಹೇಳುವ ಮಾತು. ಈ ಲೆಕ್ಕದಲ್ಲಿ ಪೊಲೀಸರೂ ಬಸ್ಸಿನ ಡ್ರೈವರೂ ಭಾವನ ಪಂಥದವರೇ. ಭಾವ ಅದಕ್ಕೆ ಒಪ್ಪುವುದಿಲ್ಲ. ಖಾಕಿಯಲ್ಲಿ ವಾರ್ಮ್‌ನೆಸ್ ಸಾಲದಂತೆ.

ಗೋಡೆ ಆದ ಮೇಲೆ ನೆಲ. ಅಜ್ಜನ ಕಾಲದಲ್ಲಿ ಈ ಕೋಣೆಗೆ ಕಾವಿ ನೆಲ ಇತ್ತು. ಬಿರುಕು ಬಿಟ್ಟಿತೆಂದು ಅಪ್ಪ ಸೊಸೈಟಿಯಿಂದ ಸಾಲ ಮಾಡಿ ಅದರ ಮೇಲೆ ಹೊಳೆಯುವ ಟೈಲ್ಸ್ ಹಾಕಿಸಿದರು. ಟೈಲ್ಸ್ ಕಂಡರೆ ಭಾವನಿಗೆ ಆಗುವುದಿಲ್ಲ. ಅದನ್ನು ಮುಚ್ಚಲು ಮೊದಲೊಂದು ಓಲೆ ಚಾಪೆ, ಅದರ ಮೇಲೆ ನವಲಗುಂದದ ಜಮಖಾನ, ಅದರ ಮೇಲೆ ಎಲ್ಲಿಯದೋ ಗೊಂಡೆ ಬಿಟ್ಟ ಸಣ್ಣ ಹಾಸು. ಅವನಿಗೆ ಬೇಕಾದ ಕೆಂಪು ನೆಲ ಇಷ್ಟೆಲ್ಲದರ ಅಡಿಯಲ್ಲಿ ಈಗಲೂ ತಣ್ಣಗೆ ಮಲಗಿದೆ.

ಮಂಚದ್ದು ಬೇರೆಯೇ ಪುರಾಣ. ಅಡಿಗೆ ಇಟ್ಟಿಗೆ ಬಣ್ಣದ ಹಾಸಿಗೆ ಬಟ್ಟೆ, ಮೇಲೆ ಸಾಸಿವೆ ಬಣ್ಣದ ಹೊದಿಕೆ, ಅದಕ್ಕೆ ಅಡ್ಡಡ್ಡ ತುಕ್ಕಿನ ಬಣ್ಣದ ಇನ್ನೊಂದು, ಹನ್ನೊಂದು ದಿಂಬು. ಮಲಗಬೇಕಾದರೆ ಮೊದಲು ಒಂದು ಆಳಿನ ಕೆಲಸ ಉಂಟು. ಇವೆಲ್ಲದರ ನಡುವೆ ಬೆಲೆಗೆ ತಕ್ಕ ವಸ್ತು ಎಂದರೆ ಒಂದು ಕೌದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವಂಥದ್ದು. ಉಟ್ಟು ಸವೆದ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ತರುತ್ತಾರೆ, ಎಲ್ಲ ಕೈ ಹೊಲಿಗೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಸಣ್ಣ ಹೂ ಇಡದಿದ್ದರೆ ಅವರ ಪ್ರಕಾರ ಅದು ಮುಗಿದಂತಲ್ಲ. ಬೆರಳಾಡಿಸಿದರೆ ಸಾಲು ಸಾಲು ಹೊಲಿಗೆಯ ಏರಿಳಿತ ಸಿಗುತ್ತದೆ, ಒಂದು ಕಡೆ ಯಾವುದೋ ಮಗುವಿನ ಅಂಗಿಯ ಕಾಜಾ ಹಾಗೆಯೇ ಉಳಿದಿದೆ.

ಅಜ್ಜಿ ಅದನ್ನು ನೋಡಿ ಕಂಗಾಲಾದರು. "ಇಷ್ಟು ತೇಪೆ ಹಾಕಿದ್ದನ್ನು ಹೊದೆಯುವ ಕಾಲ ನಮಗೆ ಬಂತಾ? ಸಂಬಳ ಸರಿಯಾಗಿ ಬರುತ್ತದಲ್ಲ ಮಗಾ?" ಎಂದವರೇ ಕಬ್ಬಿಣದ ಪೆಟ್ಟಿಗೆ ತೆಗೆದು, ನೆಂಟರಿಗೆಂದು ವರ್ಷಗಟ್ಟಲೆ ಜೋಪಾನ ಮಾಡಿದ್ದ, ಗಲ್ಫಿನಿಂದ ಬಂದ ಹುಲಿ ಚಿತ್ರದ ಬ್ಲಾಂಕೆಟ್ ತಂದು ಕೊಟ್ಟರು. ಹುಲಿ ಆಳೆತ್ತರ ಉಂಟು, ಹಿನ್ನೆಲೆಗೆ ಕಡು ನೇರಳೆ. ಭಾವ ಅದನ್ನು ಮಂಚದಡಿಗೆ ತಳ್ಳಿದ. ಫೋಟೊ ತೆಗೆಯುವಾಗ ಅದರ ಬಾಲ ಕಾಣದಂತೆ ಕಾಲಿನಲ್ಲಿ ಇನ್ನಷ್ಟು ತಳ್ಳುತ್ತಾನೆ.

ಪಂಥದ ಇನ್ನೊಂದು ನಿಯಮ: ಮನೆಯ ಯಾವ ಸಾಮಾನೂ ಅದರ ಕೆಲಸ ಮಾಡಬಾರದು. ಅವ್ವನ ಗೆರಸೆಗಳೆಲ್ಲ ಭಾವನ ಗೋಡೆ ಏರಿದವು. ಅಕ್ಕಿ ಗೇರಲು ಅವ್ವ ಸ್ಟೀಲ್ ತಟ್ಟೆ ಹಿಡಿದರು. ಅಪ್ಪ ಒಂದು ಬೆಳಿಗ್ಗೆ ತೋಟಕ್ಕೆ ಹೊರಟವರು ತಮ್ಮ ಹಾಳೆಯ ಟೋಪಿ ಮುಟ್ಟಾಳೆಗಾಗಿ ಕೊಟ್ಟಿಗೆ, ಅಟ್ಟ, ಬಚ್ಚಲು ಎಲ್ಲ ಹುಡುಕಿ, ಕೊನೆಗೆ ಕಂಡದ್ದು ಭಾವನ ಮಂಚದ ಮೇಲ್ಗಡೆ. ಅದರ ನೆತ್ತಿಯಲ್ಲಿ ತೂತು ಕೊರೆದು ಬಲ್ಬು ಇಳಿಬಿಟ್ಟಿದ್ದ. ಅಪ್ಪ ಸ್ವಿಚ್ ಆರಿಸಿ, ಬಲ್ಬು ತೆಗೆದು, ಮುಟ್ಟಾಳೆ ತಲೆಗಿಟ್ಟು ಹೋದರು. ಅವತ್ತು ಮಳೆ ಬಂದು ತೂತಿನಿಂದ ನೀರು ಸೀದಾ ನೆತ್ತಿಗೆ ಇಳಿಯಿತು. ಅದಾದ ಮೇಲೆ ಆ ಮನೆಯಲ್ಲಿ ನಾಲ್ಕೈದು ದಿನ ಮಾತುಕತೆ ಅಷ್ಟಕ್ಕಷ್ಟೆ.

ಅವ್ವನದು ಮಾತಿಲ್ಲದ ವಿಧಾನ. ಗಿಡದ ಕುಂಡ ತೂಗಿಸಲೆಂದು ಭಾವ ತರಿಸಿದ್ದ ಹತ್ತಿ ಹಗ್ಗದ ಮ್ಯಾಕ್ರಮೆಯನ್ನು ನೋಡಿದ ಕೂಡಲೇ ಅವರಿಗೆ ಸಮಾಧಾನವಾಯಿತು. ಮನೆಯಲ್ಲಿದ್ದ ಹಳೇ ಸಿಕ್ಕ ಹರಿದು ಎಷ್ಟೋ ಸಮಯವಾಗಿತ್ತು. ಮರುದಿನ ಅದು ಅಡುಗೆಮನೆಯಲ್ಲಿ, ಬೆಕ್ಕಿಗೆ ನಿಲುಕದ ಎತ್ತರದಲ್ಲಿ, ಮೊಸರಿನ ಪಾತ್ರೆ ಹೊತ್ತು ತೂಗುತ್ತಿತ್ತು. ಇಷ್ಟು ದುಡ್ಡು ಕೊಟ್ಟು ತಂದದ್ದರಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ ಎಂದು ಅವ್ವ ಈಗಲೂ ಹೇಳುತ್ತಾರೆ.

ಭಾವನಿಗೆ ಒಂದು ಬಣ್ಣ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಕಂದು, ಆದರೆ ಒಂದೇ ಕಂದಲ್ಲ, ನಡುನಡುವೆ ಮಾಸಿ, ಅಂಚಿನಲ್ಲಿ ಕಪ್ಪಾಗಿ, ತಾನಾಗಿಯೇ ಹರಡಿದಂತಿರಬೇಕು. ಅಡಿಕೆ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಾರೆಂದು ಓದಿ ಮನೆಯಲ್ಲಿ ಕೇಳಿದ. ಚೊಗರು ಸಿಗುವುದು ಅಡಿಕೆ ಬೇಯಿಸುವ ಶಿರಸಿ, ಶಿವಮೊಗ್ಗದ ಕಡೆ. ನಮ್ಮದು ಒಣಗಿಸಿ ಸುಲಿಯುವ ಚಾಲಿ, ಅದರಲ್ಲಿ ಬೇಯಿಸುವ ಸಂಗತಿಯೇ ಇಲ್ಲ. ಅಡಿಕೆಯ ಮನೆಯಲ್ಲೇ ಹುಟ್ಟಿದವನಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಅಪ್ಪ ನೊಂದುಕೊಂಡರು. ಹಾಗಿರುವಾಗ ಒಂದು ಸಂಜೆ ಬಚ್ಚಲ ಒಲೆಯ ಹತ್ತಿರ ಹಗ್ಗದಲ್ಲಿ ನೇತಾಡುವ ಬಟ್ಟೆಯೊಂದನ್ನು ಕಂಡು ಭಾವ ನಿಂತೇಬಿಟ್ಟ. ಬೇಕಾದ ಬಣ್ಣ ಚಾಚೂ ತಪ್ಪದೆ ಅಲ್ಲಿತ್ತು. ಅಪ್ಪನ ಬೈರಾಸು. ಬಾಳೆಗೊನೆ ಹೊತ್ತ ಕರೆ, ಹಣ್ಣಡಿಕೆಯ ಕರೆ, ಒಲೆಯ ಹೊಗೆ. ಒಂದು ಮೂಲೆಯಲ್ಲಿ ಬೋರ್ಡೋ ದ್ರಾವಣದ ನೀಲಿ ಮಾತ್ರ ಪ್ಯಾಲೆಟ್ಟಿಗೆ ಹೊಂದುತ್ತಿರಲಿಲ್ಲ.

"ಅಪ್ಪಾ, ಈ ಶೇಡ್ ಹೇಗೆ ಬಂತು?"

"ಬರುತ್ತದೆ. ಹತ್ತು ವರ್ಷ ಬಾಳೆಗೊನೆ ಹೊರು."

ಇಷ್ಟರಲ್ಲಿ ಮೇ ತಿಂಗಳ ಮಳೆ ಬಿತ್ತು. ಮೊದಲು ಬಂದದ್ದು ರಬ್ಬರ್ ತೋಟದ ಕಪ್ಪು ಹುಳ. ಬೇಸಿಗೆಯ ಮಳೆ ಬಿದ್ದರೆ ಸಾಕು, ತರಗೆಲೆಯಡಿಯಿಂದ ಎದ್ದು ದೀಪ ಕಂಡ ಮನೆಗೆ ಸಾವಿರಗಟ್ಟಲೆ ನುಗ್ಗುವ ಜಾತಿ. ಕತ್ತಲು, ಮಡಿಕೆ, ಸಂದು ಅವಕ್ಕೆ ಪ್ರಾಣ. ಹಿಸುಕಿದರೆ ನಾತ, ಮೈಗೆ ತಾಗಿದರೆ ಉರಿ. ದೀಪದ ಮಾಲೆಯೂ ಹನ್ನೊಂದು ದಿಂಬೂ ಇರುವ ಕೋಣೆಯನ್ನು ಅವು ತಮಗಾಗಿಯೇ ಕಟ್ಟಿಸಿದ್ದೆಂದು ತಿಳಿದದ್ದರಲ್ಲಿ ತಪ್ಪೇನಿಲ್ಲ. ಜೂನಿನಲ್ಲಿ ಹುಳ ಕಡಿಮೆಯಾಗಿ ಬೂಷ್ಟು ಶುರುವಾಯಿತು. ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ, ಅದೂ ಘಟ್ಟದ ಬುಡದಲ್ಲಿ, ಉಟ್ಟ ಪಂಚೆ ಒಣಗುವುದೇ ಕಷ್ಟ. ಪದರ ಪದರ ಹತ್ತಿ ಬಟ್ಟೆ ಏನಾದೀತು? ಸಾಸಿವೆ ಬಣ್ಣದ ಮೇಲೆ ಬೂದಿ ಚುಕ್ಕಿ, ಇಟ್ಟಿಗೆ ಬಣ್ಣದ ಮೇಲೆ ಹಸಿರು ಚುಕ್ಕಿ. ಜಮಖಾನ ಎತ್ತಿದರೆ ಅಡಿಯ ಚಾಪೆಯಲ್ಲಿ ಅಣಬೆ. ಕೋಣೆಗೆ ಹೋದವರು ಮುಗ್ಗಲು ವಾಸನೆಗೆ ಮೂಗು ಹಿಡಿದು ಹೊರಗೆ ಬಂದರು.

ಜುಲೈಯಲ್ಲಿ ಅಪ್ಪನೇ ಒಂದು ದಾರಿ ಕಂಡರು. ಬಟ್ಟೆಗಳನ್ನೆಲ್ಲ ಒಗೆಸಿ ರಬ್ಬರಿನ ಹೊಗೆಮನೆಗೆ ಒಯ್ದು ಶೀಟುಗಳ ನಡುವೆ ಸಾಲಾಗಿ ನೇತುಹಾಕಿಸಿದರು. ಕಟ್ಟಿಗೆಯ ಹೊಗೆಯಲ್ಲಿ ಬಿಳಿ ಶೀಟು ದಿನಗಳಲ್ಲಿ ಜೇನಿನ ಬಣ್ಣಕ್ಕೆ ತಿರುಗುವುದನ್ನು ಕಂಡವರಿಗೆ ಮುಂದಿನದು ಹೇಳಬೇಕಾಗಿಲ್ಲ. ಹೊರಗೆ ಬಂದಾಗ ಎಲ್ಲವೂ ಕಂದು, ನಡುನಡುವೆ ಮಾಸಿ, ಅಂಚಿನಲ್ಲಿ ಕಪ್ಪಾಗಿ. ಭಾವ ಫೋಟೊ ತೆಗೆದು ಹಾಕಿದ. ಬೆಂಗಳೂರಿನಿಂದ ಇಬ್ಬರು ಎಲ್ಲಿ ಸಿಗುತ್ತದೆಂದು ಕೇಳಿದರಂತೆ. ವಾಸನೆ ಫೋಟೊದಲ್ಲಿ ಬರುವುದಿಲ್ಲವಲ್ಲ. ಅವತ್ತು ರಾತ್ರಿ ಅವನು ಮಲಗಿದ್ದು ಹುಲಿ ಬ್ಲಾಂಕೆಟ್ ಹೊದ್ದು. ಪಾಲಿಯೆಸ್ಟರಿಗೆ ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ, ಒದ್ದೆಯಾದರೂ ಬೇಗ ಒಣಗುತ್ತದೆ. ಸಂಪಾಜೆಯ ಮಳೆಗಾಲಕ್ಕೆ ಹೊಂದುವ ಬೊಹೋ ಅದೊಂದೇ.

ನಿಮ್ಮ ಮನೆಯಲ್ಲೂ ಇಂಥ ಭಾವ ಇದ್ದರೆ ಬೈಯಬೇಡಿ, ಪಂಚಾಂಗ ತೋರಿಸಿ. ಕೌದಿ ತರುವುದಾದರೆ ಹೊಲಿದವರಿಗೆ ಚೌಕಾಸಿ ಮಾಡದೆ ದುಡ್ಡು ಕೊಟ್ಟು ತರಲಿ, ಆದರೆ ದೀಪಾವಳಿ ಕಳೆದ ಮೇಲೆ ಹಾಸಲಿ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಯಕ್ಷಗಾನ ಮೇಳದವರೇ ಗೆಜ್ಜೆ ಬಿಚ್ಚುತ್ತಾರೆ; ಅವನೂ ಗೋಡೆಯಲ್ಲಿದ್ದದ್ದನ್ನೆಲ್ಲ ಬಿಚ್ಚಿ ಪೆಟ್ಟಿಗೆಗೆ ಹಾಕಲಿ. ಮುಟ್ಟಾಳೆಯನ್ನು ಮಾತ್ರ ಈಗಲೇ ವಾಪಸು ಕೊಡಿಸಿ.