ಹರಿಹರದ ಡಬ್ಬಿ ಮಾವ

ನಮ್ಮ ಕಡೆ ಪ್ರತಿ ಬಳಗದಲ್ಲೂ ಒಬ್ಬರು ಡಬ್ಬಿ ಮಾವ ಇರುತ್ತಾರೆ. ಮಾವನೇ ಆಗಬೇಕೆಂದೇನಿಲ್ಲ. ದೊಡ್ಡಪ್ಪ, ಭಾವ, ಮಹಡಿ ಮನೆಯ ರಿಟೈರ್ಡ್ ಮೇಷ್ಟ್ರು, ಯಾರಾದರೂ ನಡೆಯುತ್ತದೆ. ಗುರುತು ಹಿಡಿಯುವುದು ಸುಲಭ. ಒಳಗೆ ಕಾಲಿಡುವ ಮೊದಲು ನಿಮ್ಮ ಬಾಗಿಲನ್ನು ಎರಡು ಸಲ ಹಿಂದೆ ಮುಂದೆ ಆಡಿಸಿ, ತಲೆ ವಾರೆ ಮಾಡಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ "ಆರಾಮಾ?" ಅನ್ನುತ್ತಾರೆ. ಕೇಳಿದ್ದು ನಮ್ಮನ್ನೋ ಬಿಜಾಗರಿಯನ್ನೋ ತಿಳಿಯುವುದಿಲ್ಲ. ಕಲ್ಯಾಣ ಮಂಟಪಕ್ಕೆ ಹೋದರೆ ವಧುವರರಿಗಿಂತ ಮೊದಲು ಊಟದ ಹಾಲಿನ ಚಿಲಕ ನೋಡುತ್ತಾರೆ. ಒಮ್ಮೆ ಸಾವಿನ ಮನೆಗೆ ಮಾತಾಡಿಸಲು ಹೋದಾಗ, ಎಲ್ಲರೂ ತಲೆ ತಗ್ಗಿಸಿ ಕೂತ ಹೊತ್ತಿನಲ್ಲಿ, ನನ್ನ ಪಕ್ಕದಲ್ಲಿದ್ದವರು ಮೆಲ್ಲಗೆ ಎದ್ದು ಅಡುಗೆಮನೆಯಿಂದ ಒಂದು ಚಮಚ ಕೊಬ್ಬರಿ ಎಣ್ಣೆ ತಂದು ಕೀರ್ ಅನ್ನುತ್ತಿದ್ದ ಬಾಗಿಲಿಗೆ ಬಿಟ್ಟರು. ಅವರೇ ನಮ್ಮ ಮಾವ.

ಡಬ್ಬಿ ಎಂದರೆ ಹಳೇ ಡಾಲ್ಡಾ ಡಬ್ಬಿ. ಅದರೊಳಗೆ ಮೈನಸ್ ತಲೆಯ ತಿರುಪು, ಸ್ಟಾರ್ ತಲೆಯ ತಿರುಪು, ತಲೆಯೇ ಹೋದ ತಿರುಪು, ವಾಷರುಗಳು, ಸೈಕಲ್ ಬ್ರೇಕಿನ ನಟ್ಟು, ಅರ್ಧ ಆಲ್ಡ್ರಾಪು, ಯಾವತ್ತೋ ಮಾರಿಹೋದ ಬೀರುವಿನ ಕೀಲಿ. "ಬೀರುನೇ ಇಲ್ವಲ್ಲ ಮಾವ, ಕೀಲಿ ಯಾಕೆ?" ಅಂತ ಕೇಳಿದ್ದೆ. "ಇರ್ಲಿ ಬಿಡ್ರಿ, ಬೇಕಾಗುತ್ತೆ." ಆ ಜಾತಿಯ ಮೂಲಮಂತ್ರವೇ ಅದು.

ಮಾವ ಹರಿಹರದವರು. ಅವರ ಮನೆಗೂ ದಾವಣಗೆರೆಯ ನಮ್ಮ ಮನೆಗೂ ಸುಮಾರು 14 ಕಿಲೋಮೀಟರು. ಮಗಳನ್ನು ಕೊಡುವಾಗ ಹತ್ತಿರದ ಊರೆಂದು ಅವರು ಖುಷಿಪಟ್ಟಿದ್ದರು. ಹತ್ತಿರ ಎಂದರೆ ಏನೆಂದು ನನಗೆ ತಡವಾಗಿ ತಿಳಿಯಿತು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು ಅವರು. ಲೇತಿನಿಂದ ಲೇತನ್ನೇ ಹುಟ್ಟಿಸುವ ಕಾರ್ಖಾನೆ. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರುಗಳನ್ನು ಬೇರೆಯವರು ಮೊಮ್ಮಕ್ಕಳ ಹೆಸರು ಹೇಳುವ ಹಾಗೆ ಹೇಳುತ್ತಾರೆ. ಅವರ ಲೆಕ್ಕವೆಲ್ಲ ಥೌನಲ್ಲಿ. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು, ತಲೆಕೂದಲಿಗಿಂತ ತೆಳು. ಸಾರಿಗೆ ಉಪ್ಪು ಕಡಿಮೆಯಾದರೂ "ಎರಡು ಥೌ ಕಮ್ಮಿ ಆತು" ಅನ್ನುತ್ತಾರೆ.

ಊರಿನ ಅಭಿಮಾನ ಬೇರೆ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಮಂಟಪಕ್ಕೆ ಕರೆದೊಯ್ದು, ತಿರುಗಿಸಿ ಕಡೆದ ಕಲ್ಲುಕಂಬದ ಸುತ್ತುಗೆರೆಗಳ ಮೇಲೆ ನನ್ನ ಬೆರಳು ಇರಿಸಿದ್ದರು. "ನಮ್ಮೂರಿಗೆ ಲೇತು ಬಂದಿದ್ದು 1941ಕ್ಕೆ ಅಂತಾರೆ. ಸುಳ್ಳು ಅಳಿಯಂದ್ರೆ. ಏಳ್ನೂರು ವರ್ಷ ಮೊದ್ಲೇ ಬಂದೈತೆ." ನಾನು ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರೆಂದು ನೆನಪಿಸಿದೆ. "ನಿಮ್ಮೂರಾಗೆ ಬಟ್ಟೆ ಮಿಲ್ಲು, ನಮ್ಮೂರಾಗೆ ಲೇತು. ಎರಡೂ ಹೋದ್ವು. ನಿಮಗಾದ್ರೆ ದೋಸೆ ಉಳೀತು," ಎಂದರು. ಅದಕ್ಕೆ ಉತ್ತರ ಇನ್ನೂ ಹೊಳೆದಿಲ್ಲ.

ಹೋದ ದೀಪಾವಳಿಗೆ ಸುಣ್ಣಬಣ್ಣ ಮಾಡಿಸುವಾಗ ಮನೆಯ ಹ್ಯಾಂಡಲು, ಚಿಲಕ ಎಲ್ಲ ಬದಲಾಯಿಸೋಣವೆಂದು ನನ್ನ ಬಾಯಿಂದಲೇ ಬಂತು. ಏಳು ಬಾಗಿಲು. ಇಪ್ಪತ್ತೈದು ವರ್ಷ ಕೈಯಾಡಿ ಹ್ಯಾಂಡಲುಗಳ ಮೆರುಗು ಹೋಗಿ ಒಳಗಿನ ಬೂದಿ ಬಣ್ಣ ಇಣುಕುತ್ತಿತ್ತು. ಕೆಲವು ಒತ್ತಿದರೆ ಮೇಲೇಳದೆ ಬಾಡಿದ ಬಾಳೆಲೆಯ ಹಾಗೆ ಜೋತುಬೀಳುತ್ತಿದ್ದವು. ಬಡಗಿಯನ್ನು ಕರೆದು ಅರ್ಧ ದಿನದಲ್ಲಿ ಮುಗಿಸುವ ಕೆಲಸ. ಹೆಂಡತಿ ಫೋನಿನಲ್ಲಿ, "ಅಪ್ಪಾಜಿ, ಬಾಗಿಲ ಸಾಮಾನು ಬದಲಾಯಿಸ್ತಿದೀವಿ," ಎಂದುಬಿಟ್ಟಳು. ಮುಕ್ಕಾಲು ಗಂಟೆಯಲ್ಲಿ ಗೇಟಿನ ಹತ್ತಿರ ಡಬ್ಬಿಯ ಸದ್ದು ಕೇಳಿಸಿತು.

ಮೊದಲು ಅಂಗಡಿ. ಮಂಡಿಪೇಟೆಯ ಕಡೆ ಹೊರಟಾಗ ಅವರ ಅಂಗಿ ಜೇಬಿನಲ್ಲಿ ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತದ ತುಂಡೊಂದಿತ್ತು. ಅಂಗಡಿಯವರು "ಅಸಲಿ ಹಿತ್ತಾಳೆ ಸಾರ್" ಎಂದು ಚಿಲಕ ಮುಂದಿಟ್ಟರೆ ಇವರು ಮಾತಾಡದೆ ಅಯಸ್ಕಾಂತ ಹತ್ತಿರ ಹಿಡಿಯುವರು. ಟಕ್. ಹಿತ್ತಾಳೆಗೆ ಅದು ಕಚ್ಚುವುದಿಲ್ಲ. ಕಚ್ಚಿತೆಂದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಹೀಗೆ ಟಕ್ ಟಕ್ ಎಂದು ಒಂಬತ್ತು ಚಿಲಕಗಳ ಮಾನ ಹರಾಜಾಯಿತು. ಅಂಗಡಿಯವರ ಮುಖ ನೋಡಲಾರದೆ ನಾನು ಪೇಂಟಿನ ಬಣ್ಣದ ಕಾರ್ಡು ಓದುತ್ತಾ ನಿಂತೆ. ಕೊನೆಗೆ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಮುಂದಿನ ಸಲ ನೀವೊಬ್ರೇ ಬರ್ರಿ ಸಾರ್," ಎಂದು ಮೆಲ್ಲಗೆ ಹೇಳಿದರು.

ಮನೆಗೆ ಬಂದರೆ ಹೊಸ ಹ್ಯಾಂಡಲಿನ ತೂತು ಹಳೆಯ ತೂತಿಗೆ ಕೂಡಲಿಲ್ಲ. ಕಾಲಿಂಚು ಆಚೆ. ಒಬ್ಬ ತಯಾರಕನ ತೂತು ಇನ್ನೊಬ್ಬನದಕ್ಕೆ ಹೊಂದದಿರುವುದು ಈ ವ್ಯಾಪಾರದ ಹಳೇ ಕುತಂತ್ರ. ಹಳೆಯದನ್ನು ಬಿಚ್ಚಿ, ತೂತಿನಿಂದ ತೂತಿಗೆ ಅಳೆದುಕೊಂಡು ಹೋಗಬೇಕಿತ್ತು. ಅದನ್ನು ಮಾವ ನೂರು ಸಲ ಹೇಳಿದ್ದರು. ಗಡಿಬಿಡಿಯಲ್ಲಿ ಪಟ್ಟಿ ಹಿಡಿಯದೆ ಕಣ್ಣಳತೆಯಲ್ಲಿ ಬರೆದುಕೊಂಡವನು ನಾನು.

ಆದರೂ ಅವರು ಬೈಯಲಿಲ್ಲ. ಮಲಗುವ ಕೋಣೆಯ ಬಾಗಿಲ ಮುಂದೆ ಕೂತು, ಚಿಲಕದ ನಾಲಿಗೆಗೆ ಒದ್ದೆ ವಿಭೂತಿ ಹಚ್ಚಿ ಬಾಗಿಲು ಹಾಕಿ ತೆಗೆದರು. ಚೌಕಟ್ಟಿನ ತಗಡಿನ ಮೇಲೆ, ಇರಬೇಕಾದ ಕಿಂಡಿಗಿಂತ ಒಂದು ಕಡಲೆಬೇಳೆಯಷ್ಟು ಕೆಳಗೆ, ಬಿಳಿ ಗುರುತು ಬಿತ್ತು. "ನೋಡ್ರಿ. ನಿಮ್ಮ ಚಿಲಕದಾಗೆ ರೋಗ ಇಲ್ಲ. ಬಾಗಿಲೇ ಜಗ್ಗೈತೆ." ಭಾರವೆಲ್ಲ ಮೇಲಿನ ಬಿಜಾಗರಿಯ ಮೇಲೆ. ಅದರ ತಿರುಪು ಮರದಲ್ಲಿ ಸಡಿಲಾದರೆ ಬಾಗಿಲ ಮೂತಿ ಕೆಳಗಿಳಿಯುತ್ತದೆ, ನಾಲಿಗೆ ಕಿಂಡಿ ತಪ್ಪುತ್ತದೆ, ನಾವು ಜೋರಾಗಿ ಎಳೆದು ಹ್ಯಾಂಡಲನ್ನು ಕೊಲ್ಲುತ್ತೇವೆ. ಆಮೇಲೆ ಹ್ಯಾಂಡಲ್ ಸರಿಯಿಲ್ಲ ಅನ್ನುತ್ತೇವೆ. ಸಡಿಲಾದ ತೂತಿಗೆ ಗೋಂದು ಸವರಿದ ಬೆಂಕಿಕಡ್ಡಿಗಳನ್ನು ತುರುಕಿ, ಒಣಗಲು ಬಿಟ್ಟು, ಉದ್ದದ ತಿರುಪು ಕೂರಿಸಿದರು. ಬಾಗಿಲು ಒಂದು ಬೆರಳಿಗೆ ಮುಚ್ಚಿತು. ನಾನು ನಿಜಕ್ಕೂ ಬೆರಗಾದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನನ್ನ ಬೆರಗನ್ನು ಅವರು ಕಲಿಯುವ ಆಸೆಯೆಂದು ತಿಳಿದರು. ಸ್ಕ್ರೂಡ್ರೈವರ್ ಕೈಗೆ ಕೊಟ್ಟು ಪಾಠ ಶುರು ಮಾಡಿದರು. "ನಮ್ಮ ದೇವರನ್ನ ನೆನಪಿಟ್ಕೊಳ್ರಿ. ಬಲಗಡೆ ಹರ, ಎಡಗಡೆ ಹರಿ. ಹರ ಬಿಗಿ ಮಾಡ್ತಾನೆ, ಹರಿ ಸಡಿಲ ಬಿಡ್ತಾನೆ." ಸೊಗಸಾದ ಸೂತ್ರ. ತೊಡಕೆಂದರೆ, ದೇವರ ಬಲಗಡೆ ಕೈಮುಗಿದು ನಿಂತವನಿಗೆ ಎಡಗಡೆ. ನಾನು ಭಕ್ತನ ದೃಷ್ಟಿಯಿಂದ ತಿರುಗಿಸಿದೆ. ಬಿಗಿಯಾಗಬೇಕಿದ್ದ ತಿರುಪು ಸುತ್ತಿ ಸುತ್ತಿ ಹೊರಬಂದು ನನ್ನ ಪಾದದ ಮೇಲೆ ಬಿತ್ತು.

ಎರಡನೇ ದಿನ ಬಚ್ಚಲುಮನೆಯ ಸರದಿ. ಆ ಬಾಗಿಲಿಗೆ ಒಳಗೂ ಹೊರಗೂ ಹ್ಯಾಂಡಲು, ನಡುವೆ ಎರಡನ್ನೂ ಜೋಡಿಸುವ ಚೌಕದ ಕಂಬಿ. ಸ್ಪ್ರಿಂಗಿಗೆ ಎಣ್ಣೆ ಹಾಕಬೇಕೆಂದು ಮಾವ ಎರಡೂ ಹ್ಯಾಂಡಲು, ಕಂಬಿ ಬಿಚ್ಚಿಟ್ಟಿದ್ದರು. ಗೊತ್ತಿಲ್ಲದ ನಾನು ಟವೆಲ್ ಸುತ್ತಿಕೊಂಡು ಸ್ನಾನಕ್ಕೆ ನುಗ್ಗಿದೆ. ಗಾಳಿಗೆ ಬಾಗಿಲು ಧಡ್ಡನೆ ಮುಚ್ಚಿತು. ಹೊಸದಾಗಿ ಎಣ್ಣೆ ಕಂಡ ನಾಲಿಗೆ ಹುಮ್ಮಸ್ಸಿನಿಂದ ಕಿಂಡಿಯೊಳಗೆ ಕೂತಿತು. ಸ್ನಾನ ಮುಗಿಸಿ ನೋಡಿದರೆ ಹ್ಯಾಂಡಲ್ ಇದ್ದ ಕಡೆ ಒಂದು ಚೌಕದ ತೂತು. ಅದರಾಚೆ ಮಾವನವರ ಕಣ್ಣು.

"ಗಡಿಬಿಡಿ ಮಾಡಬ್ಯಾಡ್ರಿ ಅಳಿಯಂದ್ರೆ. ಒಳಗೆ ನೀರೈತೆ, ಬೆಳಕೈತೆ."

"ಕಂಬಿ ಹಾಕಿ ತಿರುಗಿಸಿ ಮಾವ!"

"ಹಾಕ್ತೀನಿ. ಕಂಬಿ ಡಬ್ಬ್ಯಾಗೆ ಐತೆ."

ಡಬ್ಬಿ ನೆಲದ ಮೇಲೆ ಬೋರಲಾದ ಸದ್ದು ಕೇಳಿಸಿತು. ಅಲ್ಲಿಂದ ನಲವತ್ತು ನಿಮಿಷ. ನಡುನಡುವೆ "ಅರೇ, ಇದು ಇಲ್ಲೈತೆ!" ಎಂಬ ಉದ್ಗಾರ. ಪ್ರತಿ ಸಲ ನಾನು ಬಾಗಿಲಿಗೆ ಬಂದು ನಿಲ್ಲುವುದು, ಸಿಕ್ಕಿದ್ದು ಬೇರೇನೋ ಆಗಿರುವುದು. ಅಷ್ಟರಲ್ಲಿ ಹೆಂಡತಿ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದಳು. ಬಿಸಿ ಆರುವುದರೊಳಗೆ ತಿನ್ನಬೇಕಾದ ವಸ್ತು ಅದು. ತೂತಿನಿಂದ ಬೆಣ್ಣೆಯ ವಾಸನೆ ಮಾತ್ರ ಒಳಗೆ ಬಂತು. ಕೊನೆಗೆ ಮಾವ ಉಪಾಯ ಹೇಳಿದರು: ಟೂತ್‌ಬ್ರಶ್ಶಿನ ಬಾಲ ತೂತಿಗೆ ತೂರಿಸಿ ಬಲಕ್ಕೆ ತಿರುಗಿಸುವುದು.

"ಯಾರ ಬಲಕ್ಕೆ? ನಿಮ್ಮದಕ್ಕೋ ನನ್ನದಕ್ಕೋ?"

"ಹರನ ಕಡೆಗ್ರಿ!"

ಬಾಗಿಲಾಚೆ ಮಾವ ವಿಗ್ರಹ, ಈಚೆ ಟವೆಲಿನಲ್ಲಿ ನಾನು ಭಕ್ತ. ಹಿಂದಿನ ದಿನದ ತಪ್ಪು ತಿದ್ದಿಕೊಳ್ಳಬೇಕೆಂದು ಈ ಸಲ ನನ್ನ ಬಲಕ್ಕೇ ತಿರುಗಿಸಿದೆ. ಬ್ರಶ್ಶು ಲಟಕ್ಕೆಂದು ಮುರಿದು ತೂತಿನಲ್ಲೇ ಉಳಿಯಿತು. ಕಂಬಿ ಕೊನೆಗೆ ಸಿಕ್ಕಿದ್ದು ಮಾವನವರ ಅಂಗಿ ಜೇಬಿನಲ್ಲಿ, ಅಯಸ್ಕಾಂತಕ್ಕೆ ಅಂಟಿಕೊಂಡು. ನಾನು ಹೊರಬಂದಾಗ ದೋಸೆ ಬೆರಟಿಯಾಗಿ, ಬೆಣ್ಣೆ ಹೆಪ್ಪುಗಟ್ಟಿತ್ತು. ಮಾವ ಬ್ರಶ್ಶಿನ ಮುರಿದ ತುಂಡನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದರು.

ನಾಲ್ಕು ದಿನದಲ್ಲಿ ಏಳೂ ಬಾಗಿಲು ಮುಗಿದವು. ಈಗ ನಮ್ಮ ಮನೆಯಲ್ಲಿ ಬಾಗಿಲು ಹಾಕಿದ್ದು ಯಾರಿಗೂ ಕೇಳಿಸುವುದಿಲ್ಲ. ಮಗ ರಾತ್ರಿ ಎಷ್ಟೊತ್ತಿಗೆ ಬರುತ್ತಾನೆಂಬುದು ಗೊತ್ತಾಗದೆ ಹೋಗಿರುವುದಷ್ಟೇ ನಷ್ಟ.

ಋಣ ತೀರಿಸೋಣವೆಂದು ಸಂಕ್ರಾಂತಿಗೆ ಹರಿಹರಕ್ಕೆ ಹೋಗುವಾಗ ಅಸಲಿ ಹಿತ್ತಾಳೆಯ ಹಿಡಿಕೆಯೊಂದನ್ನು ಒಯ್ದೆ. ಈ ಸಲ ತೂತು ಅಳೆದು, ಅಯಸ್ಕಾಂತ ಹಿಡಿದು ಕೊಂಡದ್ದು. ಊರಿನ ಬಾಗಿಲನ್ನೆಲ್ಲ ತಿದ್ದುವ ಮಾವನವರ ಸ್ವಂತ ಮುಂಬಾಗಿಲ ಹಿಡಿಕೆ ಅಲುಗಾಡುವುದನ್ನು ನಾನು ಮದುವೆಯಾದಾಗಿನಿಂದ ನೋಡಿದ್ದೇನೆ. ಹಿತ್ತಾಳೆಯೇ, ಹೆಬ್ಬೆರಳು ಕೂರುವ ಜಾಗದಲ್ಲಿ ಸವೆದು ಹುಣಸೆಬೀಜದಷ್ಟು ಗುಳಿ ಬಿದ್ದಿದೆ. ಶತಮಾನದ ಹೊಸ್ತಿಲಲ್ಲಿ ಕಾರ್ಖಾನೆ ಬಾಗಿಲು ಹಾಕುವವರೆಗೆ ಪಾಳಿಗೆ ಹೊರಟಾಗಲೆಲ್ಲ ಅದನ್ನೇ ಎಳೆದುಕೊಂಡು ಹೋದವರು ಅವರು. ಆಮೇಲೆ ಅದಕ್ಕೆ ಹೆಚ್ಚು ಕೈಹಾಕಿದ್ದು ಅತ್ತೆ.

ಮಾವ ಹೊಸ ಹಿಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ, "ಚಲೋ ಮಾಲು ತಂದೀರಿ," ಎಂದರು. ಬಿಚ್ಚಲು ಹೋದ ನನ್ನ ಕೈ ತಡೆದು, ಒಳಗಿನಿಂದ ವರ್ನಿಯರ್ ಕ್ಯಾಲಿಪರ್ಸ್ ಮತ್ತು ಮೂಲೆ ಮಡಚಿದ ನೋಟುಬುಕ್ಕು ತಂದರು. ಗುಳಿಯ ಜಾಗದ ದಪ್ಪ ಅಳೆದು ಬರೆದುಕೊಂಡರು. ಪುಟದ ಉದ್ದಕ್ಕೂ ಅಂಥವೇ ಅಂಕಿಗಳು, ಪ್ರತಿ ಸಂಕ್ರಾಂತಿಯದ್ದು.

"ವರ್ಷಕ್ಕೆ ಒಂದು ಥೌ ಸವೀತಿತ್ತು," ಎಂದರು. "ನಿಮ್ಮತ್ತೆ ಹೋದ ಮ್ಯಾಲೆ ಅಷ್ಟಕ್ಕೇ ನಿಂತೈತೆ."

ನಾನು ತಂದ ಹಿಡಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಳಗಿಟ್ಟರು.

"ಇರ್ಲಿ ಬಿಡ್ರಿ. ಬೇಕಾಗುತ್ತೆ."